ಮುನಿಯಪ್ಪನ ಉಸಿರು, ನನ್ನ ಪೆಟ್ಟಿಗೆ

ಹಾರ್ಮೋನಿಯಂ ಒತ್ತಲು ಬಂದರೆ ನಾಟಕದ ಮೇಷ್ಟ್ರಾಗಬಹುದು ಎಂದು ಈಗಿನವರ ಕಿವಿಯಲ್ಲಿ ಯಾರು ಊದಿದ್ದಾರೋ ಗೊತ್ತಿಲ್ಲ. ಮೊನ್ನೆ ಬಂಗಾರಪೇಟೆಯ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಊರೂರಿಗೆ ಹೋಗಿ ಪೌರಾಣಿಕ ನಾಟಕ ಕಲಿಸುವ ಕೆಲಸಕ್ಕೆ ಹೊಸದಾಗಿ ಇಳಿದಿದ್ದಾರಂತೆ. 'ಏನೇನು ಗೊತ್ತಿರಬೇಕು ಸಾರ್, ಒಂದು ಹಾಳೆಯಲ್ಲಿ ಬರೆದುಕೊಡಿ' ಎಂದರು. ಮೂವತ್ತು ವರ್ಷ ನಾನು ಪಟ್ಟ ಪಾಡು ಒಂದು ಹಾಳೆಯಲ್ಲಿ ಹಿಡಿಸುತ್ತದಂತೆ. ಕಾಫಿ ಕೊಟ್ಟು ಕಳಿಸಿದೆ. ಅವರು ಹೋದಮೇಲೂ ಸಿಟ್ಟು ಇಳಿಯಲಿಲ್ಲ, ಅದಕ್ಕೇ ಕುಳಿತು ಬರೆಯುತ್ತಿದ್ದೇನೆ. ನನಗೆ ಶಾಲು ಹೊದಿಸಿದ್ದು, ಹಾರ ಹಾಕಿದ್ದು ಇದರಲ್ಲಿ ಬರುವುದಿಲ್ಲ. ಶಾಲುಗಳನ್ನು ನನ್ನ ಹೆಂಡತಿ ಅಕ್ಕಿ ಡಬ್ಬಗಳ ಮೇಲೆ ಮುಚ್ಚಿದ್ದಾಳೆ, ಅವು ಅಲ್ಲಿಗೇ ಲಾಯಕ್ಕು.

ಮೊದಲು ಕೆಲಸ ಏನೆಂದು ತಿಳಿದುಕೊಳ್ಳಿ. ಒಂದು ಊರಿನವರು ನಾಟಕ ಆಡುವ ಮನಸ್ಸು ಮಾಡಿದರೆ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರು ಮೂರು ತಿಂಗಳು ತಾಲೀಮು ಮಾಡಿಸಬೇಕು. ನಾಟಕದ ಹಾಡು ಎಂದರೆ ಪದ್ಯ. ನಾಲ್ಕು ಸಾಲು, ತಾಳವಿಲ್ಲ, ರಾಗ ಮಾತ್ರ. ಪಾತ್ರಧಾರಿ ಎಳೆದಷ್ಟು ಉದ್ದ. ಅವನು ಎಳೆದ ಕಡೆಗೆಲ್ಲ ಹಾರ್ಮೋನಿಯಂ ಹಿಂದೆ ಹಿಂದೆ ಹೋಗಬೇಕು. ನಾವು ಅದನ್ನು ಪೆಟ್ಟಿಗೆ ಎನ್ನುತ್ತೇವೆ. ಪಾತ್ರಧಾರಿಗಳು ಯಾರು? ಹಾಲು ಕರೆಯುವವರು, ರಾಗಿ ಬೆಳೆಯುವವರು, ಗಣಿಗೆ ಇಳಿಯುವವರು, ಕಾರ್ಖಾನೆಯಲ್ಲಿ ಕಡತ ಬರೆಯುವವರು. ಅವರಲ್ಲಿ ಒಬ್ಬನಿಗೂ ಶ್ರುತಿ ಎಂದರೆ ಏನೆಂದು ಗೊತ್ತಿರುವುದಿಲ್ಲ. ಆದರೆ ಒಬ್ಬೊಬ್ಬನಿಗೂ ರಾಜನ ಪಾತ್ರವೇ ಬೇಕು.

ಕ್ಯಾಸಂಬಳ್ಳಿಯಲ್ಲಿ ಒಮ್ಮೆ ರಾಜನ ಪಾತ್ರಕ್ಕೆ ಇಬ್ಬರು ದಾಯಾದಿಗಳು ಪಟ್ಟು ಹಿಡಿದು ಕುಳಿತರು. ಊರಿನ ಹಿರಿಯರು ಪಂಚಾಯಿತಿ ಮಾಡಿ, ಮೊದಲರ್ಧಕ್ಕೆ ಒಬ್ಬ ರಾಜ, ಉಳಿದರ್ಧಕ್ಕೆ ಇನ್ನೊಬ್ಬ ರಾಜ ಎಂದು ತೀರ್ಮಾನ ಕೊಟ್ಟರು. ನಮ್ಮ ಕಡೆ ಇದು ರೂಢಿಯೇ, ನೋಡುವವರಿಗೂ ಏನೂ ಅನ್ನಿಸುವುದಿಲ್ಲ. ಮೊದಲ ರಾಜ ಕುಳ್ಳ, ಸಣ್ಣ ದನಿ. ಎರಡನೆಯವನು ಆರಡಿ ಆಳು, ಡೊಳ್ಳಿನಂಥ ದನಿ. 'ನಿನ್ನ ದನಿಗೆ ಈ ಶ್ರುತಿ ಹೊಂದಲ್ಲಪ್ಪ, ಪೆಟ್ಟಿಗೆಯಲ್ಲಿ ಎರಡು ಮನೆ ಕೆಳಗೆ ಹಾಡು' ಎಂದು ಆರಡಿ ರಾಜನಿಗೆ ಹೇಳಿದೆ. ಅವನ ಮುಖ ಕೆಂಪಾಯಿತು.

"ಅವ್ನ್‌ಗಿಂತ ನಾನ್ಯಾಕ್ ಮೇಷ್ಟ್ರೇ ಕೆಳಗಿಳೀಬೇಕು? ಕೊಟ್ಟಿಗೇಲಿ ಅವ್ನ್‌ಗಿಂತ ಎಲ್ಡು ಅಸ ಜಾಸ್ತೀನೇ ಕಟ್ಟಿವ್ನಿ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಮೂರು ತಿಂಗಳು ಹೇಳಿದೆ. ನಾಟಕದ ದಿನ ಅವನು ದಾಯಾದಿಯ ಶ್ರುತಿಯಲ್ಲೇ ಹಾಡಿದ. ಮೂರನೇ ಪದ್ಯಕ್ಕೆ ಗಂಟಲು ಕಟ್ಟಿತು. ಉಳಿದ ನಾಟಕದಲ್ಲಿ ರಾಜ ಕೈಸನ್ನೆಯಲ್ಲೇ ರಾಜ್ಯಭಾರ ಮಾಡಿದ. ಮಾರನೆಯ ದಿನ ಊರಿನವರು ದೂರಿದ್ದು ನನ್ನನ್ನು.

ಶ್ರುತಿಗಿಂತ ದೊಡ್ಡ ಪೀಡೆ ಒನ್ಸ್ ಮೋರ್. ಪದ್ಯ ಹಿಡಿಸಿದರೆ ಜನ ಒನ್ಸ್ ಮೋರ್ ಕೂಗುತ್ತಾರೆ. ಕೂಗಿದರೆ ಪಾತ್ರಧಾರಿ ಅದೇ ಪದ್ಯವನ್ನು ಇನ್ನೊಮ್ಮೆ ಹಾಡಲೇಬೇಕು. ಹಾಡದೆ ಒಳಗೆ ಹೋದವನನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಯಾರೂ ಕೂಗದಿದ್ದರೆ ಅದೂ ಅವಮಾನ. ಹಾಗಾಗಿ ಪಾತ್ರಧಾರಿಗಳು ತಮ್ಮ ಷಡ್ಡಕ, ಭಾಮೈದಂದಿರನ್ನು ಮುಂಚೆಯೇ ಅಲ್ಲಲ್ಲಿ ಕೂರಿಸಿರುತ್ತಾರೆ. ಒಬ್ಬ ಸೇನಾಪತಿಯ ಭಾಮೈದ, ಭಾವ ಇನ್ನೂ ಬಾಯಿ ತೆರೆಯುವ ಮೊದಲೇ ಎದ್ದು ಒನ್ಸ್ ಮೋರ್ ಕೂಗಿದ. ಸೇನಾಪತಿ ಗಾಬರಿಯಾಗಿ, ಆಗಲೇ ಒಮ್ಮೆ ಹಾಡಿದ್ದೇನೆ ಅಂದುಕೊಂಡು ಒಳಗೆ ಹೋಗಿಬಿಟ್ಟ. ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ನಾನೊಬ್ಬನೇ ಕುಳಿತಿದ್ದೆ.

ಟೇಪ್ ರೆಕಾರ್ಡರ್ ಬಂದ ಮೇಲೆ ಕೆಲಸ ಹಗುರಾಗುತ್ತದೆ ಅಂದುಕೊಂಡಿದ್ದೆ. ತಾಲೀಮಿಗೆ ಬರಲು ಪುರಸೊತ್ತಿಲ್ಲದವರು 'ಕ್ಯಾಸೆಟ್ಟಿಗೆ ಹಾಡಿಕೊಡಿ ಮೇಷ್ಟ್ರೇ, ಮನೇಲೇ ಕಲೀತೀವಿ' ಎಂದರು. ಹಾಡಿಕೊಟ್ಟೆ. ಒಬ್ಬ ಮಂತ್ರಿ ಪಾತ್ರದವನು ಬಂದು ಪಾಠ ಒಪ್ಪಿಸಿದ. ಎರಡನೇ ಸಾಲು ಮುಗಿದ ತಕ್ಷಣ ಗಂಭೀರವಾಗಿ 'ತಡಿ, ಲಾರಿ ಹೋಗಲಿ' ಎಂದ. ನಮ್ಮ ಮನೆ ಮುಂದೆ ಲಾರಿ ಹೋದಾಗ ನಾನು ಅಂದದ್ದು ಅದು. ಮಂತ್ರಿಯ ಮಾತೇ ಇರಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹಣೆ ಚಚ್ಚಿಕೊಂಡೆ.

ಇಂಥವರ ನಡುವೆ ಹಾಡುವ ಮನುಷ್ಯ ಎಂದು ನನಗೆ ಸಿಕ್ಕಿದ್ದು ಒಬ್ಬನೇ, ಮುನಿಯಪ್ಪ. ಹುಟ್ಟಿದ್ದು ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯ ಒಕ್ಕಲು ಮನೆಯಲ್ಲಿ, ಬದುಕಿದ್ದು ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಯಲ್ಲಿ. ಗಣಿಯ ಕೆಳಗೆ ಬಂಡೆಗೆ ರಂಧ್ರ ಕೊರೆಯುವ ಕೆಲಸ. ಎಪ್ಪತ್ತರ ದಶಕದಲ್ಲಿ ನನ್ನ ಕೈಗೆ ಸಿಕ್ಕಾಗ ಅವನ ದನಿ ಹೇಗಿತ್ತೆಂದರೆ, ಎರಡು ಸಾಲು ಪದ್ಯವನ್ನು ಒಂದೇ ಉಸಿರಿಗೆ ಹಾಡಿ, ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದರೆ ನಾನು ಪೆಟ್ಟಿಗೆ ಬಿಟ್ಟು ಕೇಳುತ್ತಿದ್ದೆ. ಎರಡು ಸಾಲಿಗೆ ಒಂದೇ ಉಸಿರು ಎನ್ನುವುದು ನಮ್ಮಲ್ಲಿ ರಾಜನ ಪಾತ್ರಕ್ಕೆ ಇಟ್ಟ ಪರೀಕ್ಷೆ. ನಡುವೆ ಉಸಿರು ತೆಗೆದವನನ್ನು 'ಪದ್ಯ ಒಡೆದ' ಎನ್ನುತ್ತಾರೆ. ಮುನಿಯಪ್ಪ ಯಾವತ್ತೂ ಪದ್ಯ ಒಡೆದವನಲ್ಲ. ಲೈನಿನಲ್ಲಿ ಅಕ್ಕಪಕ್ಕದವರೆಲ್ಲ ತಮಿಳು ಮಾತಾಡುವವರು. ಅವರಿಗೂ ಅವನೆಂದರೆ ಹೆಮ್ಮೆ.

ಎಂಬತ್ತರ ದಶಕದಲ್ಲಿ ಒಂದು ವರ್ಷ ಕೆ.ಜಿ.ಎಫ್.ನ ಕಾರ್ಖಾನೆಯ ಕನ್ನಡ ಸಿಬ್ಬಂದಿಯ ಸಂಘದವರು ರಾಜ್ಯೋತ್ಸವಕ್ಕೆ ನಾಟಕ ಮಾಡಬೇಕೆಂದು ನನ್ನನ್ನು ಕರೆಸಿದರು. ನಾಟಕ ನಾನೇ ಬರೆದದ್ದು, ಶತ್ರುಗಳ ಸೆರೆಗೆ ಬಿದ್ದ ಒಬ್ಬ ರಾಜನ ಕಥೆ. ಸಂಘದ ಕಾರ್ಯದರ್ಶಿ ದೇಸಾಯಿಯವರು, ಧಾರವಾಡದ ಕಡೆಯವರು. ಸಿಬ್ಬಂದಿಯಲ್ಲಿ ಕರ್ನಾಟಕದ ಎಲ್ಲಾ ಮೂಲೆಯವರೂ ಇದ್ದರು, ಹಾಡುವವರು ಮಾತ್ರ ಇರಲಿಲ್ಲ. ರಾಜನ ಪಾತ್ರಕ್ಕೆ ಗಣಿಯಿಂದ ಮುನಿಯಪ್ಪನನ್ನು ಕರೆತಂದೆ. ನಾನು ವಾರಕ್ಕೆ ಮೂರು ದಿನ ಪೆಟ್ಟಿಗೆ ಹೊತ್ತು ಮಾರಿಕುಪ್ಪಂ ರೈಲು ಹತ್ತಿ ಹೋಗುತ್ತಿದ್ದೆ. ರೈಲಿನಲ್ಲಿ ಪೆಟ್ಟಿಗೆ ಕಂಡವರೆಲ್ಲ ಸಿನಿಮಾ ಹಾಡು ಕೇಳುವುದು, ನುಡಿಸದಿದ್ದರೆ 'ದೊಡ್ಡಸ್ತಿಕೆ' ಎನ್ನುವುದು, ಅದು ಬೇರೆ ಕಾಟ.

ಸೆರೆಮನೆಯ ದೃಶ್ಯಕ್ಕೆ ನಾನು ಒಂದು ಪದ್ಯ ಬರೆದಿದ್ದೆ. ಮಾರ್ತಾಂಡ, ಪ್ರಚಂಡ, ದೋರ್ದಂಡ ಎಲ್ಲಾ ಇತ್ತು. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಮುನಿಯಪ್ಪ ಎರಡು ಸಲ ಓದಿ ಹಾಳೆ ಕೆಳಗಿಟ್ಟ.

"ಇದು ನನ್ ಬಾಯ್ಗೆ ಬರಲ್ಲ ಮೇಷ್ಟ್ರೇ."

"ಯಾಕೆ ಬರಲ್ಲ? ರಾಜ ಅಂದಮೇಲೆ ಹೀಗೇ ಮಾತಾಡ್ತಾನೆ."

"ಕತ್ತಲಾಗೆ ಕೆಳಗೆ ಬಿದ್ದಿರೋನು ಇಷ್ಟೆಲ್ಲ ಮಾತಾಡ್ತಾನಾ? ಮೇಲೆ ಬಂದು ಒಸಿ ಬೆಳಕು ಕಂಡ್ರೆ ಸಾಕು ಅಂತಿರ್ತಾನೆ. ಅವ್ನಿಗ್ಯಾಕ್ ಬೇಕು ಸಿಂವಾಸನ."

ನನಗೆ ಮೈಯೆಲ್ಲಾ ಉರಿಯಿತು. ಕಲ್ಲು ಕೊರೆಯುವವನು ನನಗೆ ಪದ್ಯ ಬರೆಯುವುದು ಹೇಳಿಕೊಡುತ್ತಾನೆ ಎಂದು ರೈಲಿನುದ್ದಕ್ಕೂ ಗೊಣಗಿಕೊಂಡು ಬಂದೆ. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ಅವನು ಹೇಳಿದ್ದೇ ಸರಿ ಅನ್ನಿಸಿತ್ತು. ಮನೆಗೆ ಬಂದು ಬರೆದೆ:

ಕಲ್ಲಗೋಡೆಯೆ ಕೇಳು, ಕಗ್ಗತ್ತಲೇ ಕೇಳು,
ಒಲ್ಲೆ ನಾನಿನ್ನಾವ ಸಿಂಹಾಸನ;
ಇಲ್ಲಿಂದ ಮೇಲೇರಿ ಹಗಲ ಕಂಡರೆ ಸಾಕು,
ಮೆಲ್ಲಗಾದರು ತೆರೆಯೊ ಬಾಗಿಲನ್ನ.

ಮುನಿಯಪ್ಪ ಇದನ್ನು ಒಂದೇ ಸಂಜೆಯಲ್ಲಿ ಕಲಿತ. ರಾಗ ಹಿಂದೋಳ ಇಟ್ಟೆ. ಆದರೆ ಎರಡನೇ ವಾರ ನನಗೆ ಅನುಮಾನ ಬಂತು. ಮೊದಲ ಸಾಲು ಮುಗಿಯುವ ಹೊತ್ತಿಗೇ ಅವನ ಕತ್ತಿನ ನರ ಉಬ್ಬುತ್ತಿತ್ತು. 'ಸಿಂಹಾಸನ'ದ ಕೊನೆಯ ಸ್ವರ ಎಳೆಯುವಾಗ ದನಿ ದಾರದಂತೆ ಸಣ್ಣಗಾಗಿ ಕಡಿದುಹೋಗುತ್ತಿತ್ತು. ಕೇಳಿದರೆ 'ನೆಗಡಿ' ಎಂದ. ತಿಂಗಳಾದರೂ ಹೋಗದ ನೆಗಡಿ ಎಂಥದ್ದು? ಅದರ ಮೇಲೆ ದೇಸಾಯಿಯವರ ತಕರಾರು.

"ಮಾಸ್ತರ, ನಿಮ್ಮ ರಾಜಾ ಹಗಲು ಅನ್ನಾಂಗಿಲ್ಲ, ಅಗಲು ಅಂತಾನ. ನಮ್ಮ ಮಂದಿ ನಗತಾರ. ಹ ಅನ್ನಸ್ರಿ."

ಹ ಅನ್ನಲು ಎಷ್ಟು ಉಸಿರು ಬೇಕು ಎಂದು ದೇಸಾಯಿಯವರಿಗೆ ಏನು ಗೊತ್ತು. ಮುನಿಯಪ್ಪ ಹಠ ಹಿಡಿದು ಹ ಅಂದ, ಅಂದಕೂಡಲೇ ಕೆಮ್ಮಿದ. ಪದ್ಯವನ್ನು ನಾಲ್ಕು ತುಂಡು ಮಾಡಿ, ಸಾಲಿಗೊಂದು ಉಸಿರು ತೆಗೆದುಕೊಂಡು ಹಾಡು ಎಂದೆ.

"ಒಡ್ದು ಏಳೋದಾದ್ರೆ ನಾನ್ಯಾಕ್ ಬೇಕು? ಸ್ಟಾಫಿನೋರೇ ಯಾರಾದ್ರೂ ಏಳ್ಲಿ" ಎಂದ.

ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಇದನ್ನು ಕಸುಬಿನ ಗುಟ್ಟು ಎಂದು ಎಲ್ಲಾ ಮೇಷ್ಟ್ರುಗಳೂ ಸ್ವಲ್ಪ ಸ್ವಲ್ಪ ಮಾಡುತ್ತಾರೆ. ಹಾಡುವವನ ದನಿ ಕಡಿಯುವ ಹೊತ್ತಿಗೆ ಸರಿಯಾಗಿ ಅದೇ ಸ್ವರವನ್ನು ಒತ್ತಿ, ತಿದಿ ಜೋರು ಮಾಡಿ, ಅವನು ಉಸಿರು ಎಳೆದುಕೊಳ್ಳುವವರೆಗೆ ಹಿಡಿದುಕೊಂಡಿರುವುದು. ಅವನು ಬಾಯಿ ಮುಚ್ಚಬಾರದು, ಎತ್ತಿದ ಕೈ ಇಳಿಸಬಾರದು. ಸಂಘದ ಹತ್ತಿರ ಇದ್ದದ್ದು ಒಂದೇ ಮೈಕು. ಅದನ್ನು ಅವನಿಗೂ ನನಗೂ ನಡುವೆ ತೂಗುಬಿಡಿಸಿದೆ. ಇಬ್ಬರೇ ಕುಳಿತು ಹತ್ತು ಹದಿನೈದು ಸಲ ಅಭ್ಯಾಸ ಮಾಡಿದೆವು. ದನಿ ಎಲ್ಲಿ ನಿಂತು ಪೆಟ್ಟಿಗೆ ಎಲ್ಲಿ ಶುರುವಾಯಿತೆಂದು ಬ್ರಹ್ಮ ಬಂದರೂ ಹೇಳಲಾಗಬಾರದು, ಹಾಗೆ ಮಾಡಿದೆ. ನನಗೆ ಅದರ ಬಗ್ಗೆ ಕೊಬ್ಬೂ ಇತ್ತು, ಈಗ ಹೇಳುತ್ತೇನೆ.

ನಾಟಕ ಸಂಜೆ ಆರಕ್ಕೆ ಶುರುವಾಯಿತು. ಸಭಾಂಗಣದ ಹಿಂದೆ ಲೈನಿನ ಹೆಂಗಸರು ನೆಲದ ಮೇಲೆ ಕುಳಿತಿದ್ದರು. ಮುಂದಿನ ಕುರ್ಚಿಗಳಲ್ಲಿ ಸಿಬ್ಬಂದಿ, ನಡುವೆ ಮುಖ್ಯ ಅತಿಥಿ. ಅವರು ಗಣಿ ಕೆಲಸಗಾರರ ಎದೆ ಪರೀಕ್ಷೆ ಮಾಡುವ ಡಾಕ್ಟರು, ಸಂಗೀತ ಪ್ರಿಯರು ಎಂದು ದೇಸಾಯಿಯವರು ಕರೆದಿದ್ದರು. ಸೆರೆಮನೆಯ ದೃಶ್ಯ ಬಂತು. ಮುನಿಯಪ್ಪ ಕೈಗೆ ಸರಪಳಿ ಹಾಕಿಕೊಂಡು ನಿಂತು 'ಕಲ್ಲಗೋಡೆಯೆ ಕೇಳು' ಎಂದು ಎತ್ತಿದ. 'ಸಿಂಹಾಸನ'ದಲ್ಲಿ ದನಿ ಕಡಿಯಿತು, ನಾನು ಹಿಡಿದೆ. ಅವನ ಬಾಯಿ ತೆರೆದೇ ಇತ್ತು, ಕೈ ಮೇಲೆಯೇ ಇತ್ತು. ಸ್ವರ ಸಭಾಂಗಣದಲ್ಲಿ ನಿಂತೇ ಇತ್ತು. 'ಇಲ್ಲಿಂದ ಮೇಲೇರಿ' ಎನ್ನುವಾಗ ಹಿಂದಿನ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಸರಿಯಾಗಿ ಬಾರದು. ಆದರೆ ಗಂಡನನ್ನು ಕೆಳಗೆ ಕಳಿಸಿ ಮೇಲೆ ಕಾಯುವವರಿಗೆ ಆ ಪದ್ಯ ಅರ್ಥವಾಗದೆ ಇರುತ್ತದೆಯೆ. ಬರೆದ ನನಗೇ ಅದು ಯಾರ ಪದ್ಯ ಎಂದು ಆಗ ತಿಳಿಯಿತು.

ಒನ್ಸ್ ಮೋರ್ ಬಂತು. ಯಾರ ಭಾಮೈದನೂ ಅಲ್ಲ, ಇಡೀ ಸಭೆ. ಡಾಕ್ಟರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಮುನಿಯಪ್ಪ ನನ್ನ ಕಡೆ ನೋಡಿದ. ಅವನ ಹಣೆಯ ಬಣ್ಣ ಬೆವರಿಗೆ ಇಳಿದಿತ್ತು. ಬೇಡ ಅನ್ನಬೇಕಿತ್ತು ನಾನು. ಹೂಂ ಎಂದು ತಲೆಯಾಡಿಸಿದೆ. ಎರಡನೇ ಸಲ ಅವನದು ಕಾಲು ಪಾಲು, ನನ್ನದು ಮುಕ್ಕಾಲು.

ಹದಿನೈದು ದಿನ ಕಳೆದು ಅವನ ಹೆಂಡತಿ ಲಕ್ಷ್ಮಮ್ಮ ಬೆಳಗಿನ ರೈಲಿಗೆ ನಮ್ಮ ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಏನ್ ಮೇಷ್ಟ್ರೇ ಇಂಗ್ ಮಾಡ್ಬಿಟ್ರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ನಿಂತೇ ಹೇಳಿದರು. ಮುನಿಯಪ್ಪನ ಎದೆಗೆ ಕಲ್ಲಿನ ಧೂಳು ಇಳಿದಿದೆ. ಇನ್ನು ಕೆಳಗೆ ಇಳಿಸಬೇಡಿ, ಮೇಲೆ ಯಾವುದಾದರೂ ಕೆಲಸ ಕೊಡಿ ಎಂದು ಅರ್ಜಿ ಹಾಕಿ ಆರು ತಿಂಗಳಾಗಿತ್ತು. ಎಕ್ಸ್‌ರೇ ಅರೆಬರೆಯಾಗಿ ಕಂಡಿತ್ತು, ತೀರ್ಮಾನ ಆ ಡಾಕ್ಟರದು. ಅವರು ಈಗ ಅರ್ಜಿ ತಳ್ಳಿಹಾಕಿದ್ದಾರೆ. 'ಅಷ್ಟುದ್ದ ಉಸಿರು ಹಿಡಿದು ಎರಡು ಸಲ ಹಾಡಿದವನಿಗೆ ಎದೆ ರೋಗ ಅಂದರೆ ಯಾರು ನಂಬುತ್ತಾರೆ' ಎಂದರಂತೆ. ಸೋಮವಾರದಿಂದ ಮತ್ತೆ ಕೆಳಗೆ.

"ಅರ್ಜಿ ಹಾಕಿರೋದು ನನಗ್ಯಾಕೆ ಹೇಳಲಿಲ್ಲ ತಾಯಿ?"

"ಏಳಿದ್ರೆ ನೀವು ರಾಜನ್ ಪಾಲ್ಟು ಬೇರೇರ್‌ಗೆ ಕೊಟ್ಬುಡ್ತೀರಿ ಅಂತ ಏಳಿಲ್ಲ."

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಅವನ ಮೇಲೆ ಬಂತು, ಡಾಕ್ಟರ ಮೇಲೆ ಬಂತು, ಕರೆದ ದೇಸಾಯಿಯವರ ಮೇಲೆ ಬಂತು. ಕೊನೆಗೆ ನನ್ನ ಹತ್ತು ಬೆರಳಿನ ಮೇಲೆ ಬಂತು.

ಅವತ್ತೇ ಡಾಕ್ಟರ ಬಳಿ ಹೋದೆ. ಒಳ್ಳೆಯ ಮನುಷ್ಯರು, ಕೂರಿಸಿ ಮಾತಾಡಿಸಿದರು. ಅದೇ ಇನ್ನೂ ಕಷ್ಟವಾಯಿತು. ಸ್ವರ ಹಿಡಿದದ್ದು ಪೆಟ್ಟಿಗೆ, ಅವನಲ್ಲ ಎಂದು ಬಿಡಿಸಿ ಹೇಳಿದೆ.

"ಮೇಷ್ಟ್ರೇ, ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಅವರ ಬಾಯಿ ತೆರೆದೇ ಇತ್ತು. ಶಿಷ್ಯನ ಮೇಲಿನ ಪ್ರೀತಿಗೆ ಹೀಗೆ ಹೇಳ್ತಿದ್ದೀರಿ."

"ದೇಸಾಯಿಯವರು ನಾಟಕ ಟೇಪ್ ಮಾಡಿದ್ದಾರೆ. ಅದನ್ನು ಕೇಳಿ, ದನಿ ಎಲ್ಲಿ ನಿಲ್ಲುತ್ತೆ ತೋರಿಸ್ತೀನಿ" ಎಂದೆ.

ದೇಸಾಯಿಯವರ ಮನೆಗೆ ಓಡಿ ಟೇಪ್ ರೆಕಾರ್ಡರನ್ನೇ ಹೊತ್ತು ತಂದೆ. ಹಾಕಿದೆವು. ಮೂರು ಸಲ ಹಾಕಿದೆವು. ಏನು ಹೇಳಲಿ, ನನಗೇ ಗೊತ್ತಾಗಲಿಲ್ಲ. ಇಲ್ಲಿ ಎನ್ನುತ್ತೇನೆ, ಅಲ್ಲಿ ದನಿಯೇ ಇದೆ ಅನ್ನಿಸುತ್ತದೆ. ಅಲ್ಲಿ ಎನ್ನುತ್ತೇನೆ, ಆಗಲೇ ದಾಟಿಹೋಗಿದೆ. ಡಾಕ್ಟರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯುತ್ತಮ ಕೆಲಸ ಅದು, ಅದಕ್ಕೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

"ಹಾಗಾದರೆ ಪೆಟ್ಟಿಗೆ ಇಲ್ಲದೆ ಕೇಳಿ ಸಾರ್. ಇದೇ ಪದ್ಯ, ನಿಮ್ಮ ಮುಂದೆ. ಎದೆ ಮೇಲೆ ನಿಮ್ಮ ಕೊಳವೆ ಇಟ್ಟುಕೊಂಡೇ ಕೇಳಿ" ಎಂದೆ. ಅವರು ಸ್ವಲ್ಪ ಯೋಚಿಸಿ, ಶನಿವಾರ ಬರಲಿ ಎಂದರು.

ಶನಿವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ಮುನಿಯಪ್ಪ ಬೆಂಚು ಬಿಟ್ಟು ಏಳಲೇ ಇಲ್ಲ.

"ಬ್ಯಾರೆ ಪದ್ಯ ಏಳ್ತೀನಿ ಮೇಷ್ಟ್ರೇ. ಅದೊಂದ್ ಬ್ಯಾಡ. ಅದನ್ನ ಒಡ್ದು ಏಳು ಅನ್‌ಬ್ಯಾಡಿ."

"ಡಾಕ್ಟ್ರು ಕೇಳಿರೋದು ಅದನ್ನೇ ಕಣಯ್ಯ. ಬೇರೆ ಹಾಡಿದರೆ ನಾಟಕ ಆಡ್ತಾನೆ ಅಂತಾರೆ."

"ಅನ್ಲಿ. ಕೆಳಗೇ ಓಗ್ತೀನಿ. ಇಪ್ಪತ್ ವರ್ಸ ಓಗಿಲ್ವಾ."

ಹಾಡಿನ ಮಾನಕ್ಕೆ ಪ್ರಾಣ ಕೊಡಲು ಹೊರಟಿದ್ದ. ಕತ್ತೆ, ಮೂರ್ಖ, ಇನ್ನೂ ಏನೇನೋ ಬಾಯಿಗೆ ಬಂದದ್ದು ಬೈದೆ. ಅವನು ಗೋಡೆ ನೋಡುತ್ತಿದ್ದ. ಆಗ ಲಕ್ಷ್ಮಮ್ಮ ಎದ್ದರು. ದನಿ ಏರಿಸಲೂ ಇಲ್ಲ.

"ಓಗು. ಯಾವತ್ತೋ ಒಂದಿನ ನಿನ್ನ ಒತ್ಕೊಂಡು ಮೇಲಕ್ಕೆ ಬತ್ತಾರೆ. ಆವಾಗ ಮೇಷ್ಟ್ರು ಬಂದು ಪೆಟ್ಟಿಗೆ ನುಡಿಸ್ಲಿ, ನಾನು ಒನ್ಸ್ ಮೋರ್ ಕೂಗ್ತೀನಿ."

ಮುನಿಯಪ್ಪ ಎದ್ದು ಒಳಗೆ ಹೋದ.

ಡಾಕ್ಟರು ಅಂಗಿ ಬಿಚ್ಚಿಸಿ, ಬೆನ್ನಿಗೆ ಕೊಳವೆ ಇಟ್ಟರು. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತೆ. 'ಕಲ್ಲಗೋಡೆಯೆ ಕೇಳು' ಎಂದು ಎತ್ತಿದ. ಕಳ್ಳಾಟ ಆಡಲಿಲ್ಲ, ಇದ್ದ ಉಸಿರನ್ನೆಲ್ಲ ಹಾಕಿ ಹಾಡಿದ. ಪದ್ಯ ಉಳಿಸಿಕೊಳ್ಳಬೇಕೆಂದೇ ಹಾಡಿದ. 'ಕಗ್ಗತ್ತಲೇ' ಎನ್ನುವಲ್ಲಿ ಕಡಿಯಿತು. ನನ್ನ ಬೆರಳು ತಾವಾಗಿಯೇ ತೊಡೆಯ ಮೇಲೆ ಆ ಸ್ವರ ಒತ್ತಿದವು. ಅಲ್ಲೇನಿದೆ, ಪಂಚೆ. ಕೈಯೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಅವನು ಬಗ್ಗಿ ಕೆಮ್ಮಿ, ಉಸಿರೆಳೆದು, ಬಿಟ್ಟಲ್ಲಿಂದ ಹಿಡಿದ. ಮತ್ತೆ ಕಡಿಯಿತು. ಡಾಕ್ಟರು 'ಸಾಕು, ಸಾಕು' ಎಂದರು. ಮುನಿಯಪ್ಪ ಕೈ ಅಡ್ಡ ತೋರಿಸಿ ನಾಲ್ಕೂ ಸಾಲು ಮುಗಿಸಿದ. ಆ ನಾಲ್ಕು ಸಾಲಿಗೆ ಎಷ್ಟು ಹೊತ್ತು ಹಿಡಿಯಿತೋ, ಹೊರಗಿನ ಬೆಂಚಿನ ರೋಗಿಗಳೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ತಲೆ ಎತ್ತಲಿಲ್ಲ. ಡಾಕ್ಟರು ಕೊಳವೆ ತೆಗೆದು, 'ನನ್ನದು ತಪ್ಪಾಯಿತು' ಎಂದು ಕಾಗದ ಬರೆದರು.

ಅವನನ್ನು ಮೇಲಿನ ಕೆಲಸಕ್ಕೆ ಹಾಕಿದರು. ಕೆಳಗೆ ಇಳಿಯುವವರಿಗೆ ತಲೆದೀಪ ಕೊಟ್ಟು, ಹತ್ತಿ ಬಂದವರಿಂದ ವಾಪಸ್ಸು ಇಸಿದುಕೊಳ್ಳುವ ಕೆಲಸ. ಅವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮುನಿಯಪ್ಪ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದ್ದ.

"ಪೆಟ್ಟಿಗೆ ವಿಚಾರ ಲೈನಲ್ಲಿ ಯಾರ್‌ಗೂ ಏಳ್‌ಬ್ಯಾಡಿ ಮೇಷ್ಟ್ರೇ. ಅವತ್ತಿನ ಪದ್ಯ ನಂದೇ ಅಂತಿರ್ಲಿ."

ಆಗಲಿ ಎಂದೆ. ಅದು ನನ್ನ ದೊಡ್ಡ ತಪ್ಪು. ಆ ಪದ್ಯ ಕೇಳಿದ್ದ ಲೈನಿನವರು ಸುಮ್ಮನಿರುತ್ತಾರೆಯೆ? ಅಷ್ಟು ಒಳ್ಳೆಯ ಎದೆ ಇಟ್ಟುಕೊಂಡು ರೋಗ ಅಂತ ಸುಳ್ಳು ಹೇಳಿದ, ಆಸ್ಪತ್ರೆಯಲ್ಲಿ ಬೇಕೆಂದೇ ಕೆಮ್ಮಿ ತೋರಿಸಿದ, ಡಾಕ್ಟರನ್ನು ಒಳಗೆ ಹಾಕಿಕೊಂಡ, ನಿಜವಾಗಿ ಕೆಮ್ಮುವವರೆಲ್ಲ ಕೆಳಗಿದ್ದಾರೆ, ಇವನು ಮೇಲೆ ದೀಪ ಹಂಚುತ್ತಾನೆ ಎಂದು ಮಾತಾಯಿತು. ಅವನ ಕೈಯಿಂದ ದೀಪ ತೆಗೆದುಕೊಳ್ಳುವಾಗ ಕೆಲವರು ಮುಖ ತಿರುಗಿಸುತ್ತಿದ್ದರಂತೆ. ಹಾಡು ಎಂದು ಕರೆದರೆ ಅವನು ಹೋಗುತ್ತಿರಲಿಲ್ಲ, ಅದಕ್ಕೆ 'ಸಿಕ್ಕಿಬೀಳ್ತೀನಿ ಅಂತ ಭಯ' ಎಂದರು. ಒಮ್ಮೆ ಟೀ ಅಂಗಡಿಯಲ್ಲಿ ಅವನ ಪಕ್ಕದ ಮನೆಯವನೇ ನನಗೆ ಹೇಳಿದ, 'ಎಂಥಾ ಗುಂಡಿಗೆ ವಾದ್ಯಾರೇ ಅವ್ನದು, ನಮ್ ಕಣ್ಣಿಗೇ ಮಣ್ಣು ಹಾಕ್ದ.' ಟೀ ಲೋಟ ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಮಾತು ಕೊಟ್ಟಿದ್ದೆ. ಟೀ ಕುಡಿದು ರೈಲಿಗೆ ಹೋದೆ.

ಮುನಿಯಪ್ಪ ಆಮೇಲೆ ಏಳೆಂಟು ವರ್ಷ ಇದ್ದ. ತೊಂಬತ್ತರ ದಶಕ ಶುರುವಾಗಿತ್ತು. ಕೊನೆಕೊನೆಗೆ ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಅದನ್ನು ನೋಡಿಯೂ ಕೆಲವರು 'ವಯಸ್ಸಾಯ್ತು' ಎಂದರೇ ಹೊರತು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಮಣ್ಣಿಗೆ ಹೋಗಿದ್ದೆ. ಜನ ಬಂದಿದ್ದರು, ಬರಬೇಕಾದಷ್ಟು ಬಂದಿರಲಿಲ್ಲ. ಎಲ್ಲಾ ಮುಗಿದ ಮೇಲೆ ಲಕ್ಷ್ಮಮ್ಮ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು.

"ಆಡ್ಕೊಳ್ಳೋರು ಆಡ್ಕೊಳ್ಲಿ, ಪದ್ಯ ನಂದಾಗೇ ಇರ್ಲಿ ಅಂತಿದ್ರು. ಅವ್ರಿಗೆ ಅದೇ ಸಾಕಾಗಿತ್ತು. ನಂಗಾಗಲ್ಲ ಮೇಷ್ಟ್ರೇ. ನನ್ ಗಂಡ ಮೋಸಗಾರ ಅನ್ನಿಸ್ಕೊಂಡ್ ಓಗ್ಬಾರದು. ನೀವು ಯಾವಾಗ್ಲಾದ್ರೂ ಏಳ್ಬಿಡಿ."

ಆಗಲೂ ಆಗಲಿ ಎಂದೆ. ಇಬ್ಬರಿಗೂ ಮಾತು ಕೊಟ್ಟು, ಇಷ್ಟು ವರ್ಷ ಯಾವ ಮಾತು ಹಿಡಿಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಅದು ಹೇಡಿತನ. ಲಕ್ಷ್ಮಮ್ಮ ಇನ್ನೂ ಆ ಲೈನಿನಲ್ಲೇ ಇದ್ದಾರೆ, ಇನ್ನೂ ಅದೇ ಮಾತು ಕೇಳುತ್ತಿದ್ದಾರೆ. ಹಾಗಾಗಿ ಈಗ ಹೇಳುತ್ತಿದ್ದೇನೆ. ನಾಟಕ ಕಲಿಸಲು ಹೊರಟಿರುವ ಇಬ್ಬರು ಓದಲಿ ಬಿಡಲಿ, ನಂದಿದುರ್ಗದ ಲೈನಿನವರು ಓದಬೇಕು. ಓದು ಬಾರದವರಿಗೆ ಯಾರಾದರೂ ಓದಿ ಹೇಳಬೇಕು, ತಮಿಳಿನಲ್ಲೂ ಹೇಳಬೇಕು. ಆ ಸಂಜೆ ನೀವು ಎದ್ದು ನಿಂತು ಒನ್ಸ್ ಮೋರ್ ಕೂಗಿದಿರಲ್ಲ, ಆ ಉದ್ದದ ಸ್ವರ ನನ್ನ ಪೆಟ್ಟಿಗೆಯದು. ಮುನಿಯಪ್ಪ ಯಾರಿಗೂ ಮೋಸ ಮಾಡಲಿಲ್ಲ. ಅವನಿಗೆ ನಿಜವಾಗಿಯೂ ಉಸಿರಿರಲಿಲ್ಲ.